ಲೆಕ್ಕ ಕೇಳುವವರು, ಲೆಕ್ಕ ಕೊಡುವವರು

ಮಾರ್ಚ್ ತಿಂಗಳು ಬಂತೆಂದರೆ ಬ್ಯಾಡಗಿಯ ಪೇಟೆಯಲ್ಲಿ ಒಣಮೆಣಸಿನಕಾಯಿಯ ಘಾಟು ಮೂಗಿಗೆ ಅಡರುತ್ತದೆ. ಅದೇ ಹೊತ್ತಿಗೆ ಹಾವೇರಿ, ರಾಣೆಬೆನ್ನೂರುಗಳ ಕಚೇರಿಗಳಲ್ಲಿ ಇನ್ನೊಂದು ಬಗೆಯ ಘಾಟು ಏಳುತ್ತದೆ, ಅದು ಬಿಲ್ಲುಗಳದು. ಮಾರ್ಚ್ 31ರೊಳಗೆ ಅನುದಾನ ಖರ್ಚಾಗಬೇಕು, ಖರ್ಚಿಗೆ ಓಚರ್ ಇರಬೇಕು, ಓಚರಿಗೆ ಸಹಿ ಬೀಳಬೇಕು. ವರ್ಷವಿಡೀ ನಿಧಾನವಾಗಿ ಸಾಗಿದ ಕೆಲಸಕ್ಕೆ ಕೊನೆಯ ಹದಿನೈದು ದಿನಗಳಲ್ಲಿ ಓಟದ ಅವಸರ. ಆ ಅವಸರದಲ್ಲಿ ಹಾಕಿದ ಸಹಿಗಳು ಎರಡು ಮೂರು ವರ್ಷಗಳ ನಂತರ ಪ್ರಶ್ನೆಗಳಾಗಿ ಹಿಂದಿರುಗುತ್ತವೆ. ಅಂಥದೊಂದು ಪ್ರಶ್ನೆ ನಮ್ಮ ಮಿತ್ರರ ಬಾಗಿಲಿಗೆ ಬಂದಿರುವುದರಿಂದ, ಈ ಸಂಚಿಕೆಯ ಸಂಪಾದಕೀಯವನ್ನು ಗಿಡಮರಗಳ ಬದಲು ಲೆಕ್ಕಪತ್ರಕ್ಕೆ ಮೀಸಲಿಡುತ್ತಿದ್ದೇವೆ. ಗಿಡಮರಗಳ ಅಳಿವು ಉಳಿವು ಲೆಕ್ಕಪತ್ರದಲ್ಲಿಯೂ ಇದೆ ಎಂಬುದು ಓದುತ್ತ ಹೋದಂತೆ ತಮಗೂ ಮನವರಿಕೆಯಾದೀತು.

ಬ್ಯಾಡಗಿ ತಾಲ್ಲೂಕಿನ ಅಂಚಿನ ಒಂದು ಊರು. ಹೆಸರು ಬೇಡ, ಅಂಥ ಊರುಗಳು ನಮ್ಮ ಸುತ್ತ ಹಲವಾರಿವೆ. ಅಲ್ಲಿನ ಸಮಿತಿಯೊಂದು ಸರ್ಕಾರದ ಅನುದಾನದಿಂದ ಊರ ಹಿಂದಿನ ಬೋಳುಗುಡ್ಡದ ಮೇಲೆ ಸಸಿ ನೆಟ್ಟಿತು. ಸಮಿತಿಯಲ್ಲಿ ಹೆಚ್ಚಿನವರು ಮಹಿಳೆಯರು, ಸ್ವಸಹಾಯ ಸಂಘದ ಸದಸ್ಯೆಯರು. ಗುಡ್ಡಕ್ಕೆ ಬೇಲಿ ಇಲ್ಲ, ನೀರಿಲ್ಲ. ಆದರೂ ಹೊಂಗೆ, ಬೇವು, ಹುಣಸೆ, ನೆಲ್ಲಿಗಳು ಇಂದು ಆಳೆತ್ತರ ನಿಂತಿವೆ. ಹೋಗಿ ನೋಡಿ ಬಂದವರು ನಾವು. ಕೆಲವು ತಿಂಗಳ ಹಿಂದೆ ಆ ಸಮಿತಿಗೆ ಲೆಕ್ಕ ಪರಿಶೋಧನೆಯ ವರದಿಯೊಂದು ಬಂದಿತು. 18,600 ರೂಪಾಯಿಗಳ ಖರ್ಚಿಗೆ ಆಕ್ಷೇಪಣೆ. ಸಸಿಗಳನ್ನು ಚಕ್ಕಡಿಯಲ್ಲಿ ಗುಡ್ಡದ ಬುಡಕ್ಕೆ ಸಾಗಿಸಿದ 4,200 ರೂಪಾಯಿಗೆ ಬಿಲ್ಲು ಇಲ್ಲ. ಮೂರು ತಿಂಗಳ ಕಾವಲುಗಾರನ ಕೂಲಿ 9,000 ರೂಪಾಯಿಗೆ ಹಾಜರಿ ಪುಸ್ತಕವಿಲ್ಲ. ಒಣಗಿದ ಸಸಿಗಳ ಜಾಗದಲ್ಲಿ ಬದಲಿ ಸಸಿ ನೆಡಲು ತಗಲಿದ 5,400 ರೂಪಾಯಿ ಅಂದಾಜುಪಟ್ಟಿಯಲ್ಲಿಯೇ ಇರಲಿಲ್ಲ.

ಸಮಿತಿಯ ಹಿರಿಯ ಸದಸ್ಯೆಯೊಬ್ಬರು ಆ ಕಾಗದವನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದಿದ್ದರು. “ಸಾಹೇಬ್ರ, ಗುಡ್ಡಕ್ಕ ಲಾರಿ ಹತ್ತೂದಿಲ್ರಿ. ಚಕ್ಕಡಿಯವ ಎಲ್ಲಿಂದ ಬಿಲ್ಲು ತರಬೇಕ್ರಿ? ರೊಕ್ಕ ತಿಂದವ್ರು ಎಲ್ಲೋ ಅದಾರ, ಗಿಡ ಹಚ್ಚಿದವ್ರು ನಾವು ಸಿಕ್ಕೊಂಡ್ವಿ. ಇನ್ನ ಮ್ಯಾಲೆ ನಮಗ ಈ ಸಮಿತಿ ಸುದ್ದಿ ಬ್ಯಾಡ್ರಿ” ಎಂದರು. ಅವರ ಮಾತಿನಲ್ಲಿ ಸಿಟ್ಟಿಗಿಂತ ಅಂಜಿಕೆಯೇ ಹೆಚ್ಚಾಗಿತ್ತು. ಮನೆಯ ಮೇಲೆ ಜಪ್ತಿ ಬರುತ್ತದೆಯೇ, ಮಗನ ನೌಕರಿಗೆ ತೊಂದರೆಯಾಗುತ್ತದೆಯೇ ಎಂದೆಲ್ಲ ಕೇಳಿದರು. ನಮ್ಮನ್ನು ಚಿಂತೆಗೆ ಹಚ್ಚಿದ್ದು ಆ 18,600 ರೂಪಾಯಿಯಲ್ಲ, ಈ ಅಂಜಿಕೆ. ಪ್ರಾಮಾಣಿಕವಾಗಿ ದುಡಿದವರು ಲೆಕ್ಕಕ್ಕೆ ಹೆದರಿ ಹಿಂದೆ ಸರಿದರೆ ಆ ಜಾಗಕ್ಕೆ ಬರುವವರು ಯಾರು? ಕಾಗದವನ್ನು ಅಚ್ಚುಕಟ್ಟಾಗಿ ತುಂಬಬಲ್ಲ, ಗುಡ್ಡವನ್ನು ಹತ್ತಿಯೇ ಇರದ ಗುತ್ತಿಗೆದಾರರು. ಆದ್ದರಿಂದ ಈ ವಿಷಯವನ್ನು ಬುಡದಿಂದಲೇ ನೋಡುವುದು ಅಗತ್ಯವಾಗಿದೆ.

ಮೊದಲಿಗೆ, ಆಕ್ಷೇಪಣೆ ಎಂದರೆ ಅಪರಾಧವಲ್ಲ. ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯಿತಿಗಳ ಲೆಕ್ಕವನ್ನು ರಾಜ್ಯ ಲೆಕ್ಕ ಪರಿಶೋಧನೆ ಮತ್ತು ಲೆಕ್ಕಪತ್ರ ಇಲಾಖೆ ನೋಡುತ್ತದೆ. ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳ ಲೆಕ್ಕ ಭಾರತದ ಮಹಾಲೆಕ್ಕ ಪರಿಶೋಧಕರ, ಅಂದರೆ ಸಿಎಜಿಯವರ ವ್ಯಾಪ್ತಿಗೆ ಬರುತ್ತದೆ. ಸರ್ಕಾರದಿಂದ ಹಣ ಪಡೆದ ಸಂಘಸಂಸ್ಥೆಗಳೂ ಇದರಿಂದ ಹೊರತಲ್ಲ. 1971ರ ಸಿಎಜಿ ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ, ವರ್ಷಕ್ಕೆ 25 ಲಕ್ಷ ರೂಪಾಯಿಗೆ ಕಡಿಮೆಯಿಲ್ಲದ ಅನುದಾನ ಪಡೆದು, ಆ ಮೊತ್ತ ಸಂಸ್ಥೆಯ ಒಟ್ಟು ಖರ್ಚಿನ ಶೇಕಡ 75ಕ್ಕೆ ಕಡಿಮೆಯಾಗದಿದ್ದರೆ, ಅಂಥ ಸಂಸ್ಥೆಯ ಲೆಕ್ಕವನ್ನು ಸಿಎಜಿ ಪರಿಶೀಲಿಸುತ್ತಾರೆ. ಪಂಚಾಯಿತಿಯ ಪರಿಶೋಧನಾ ವರದಿಯಲ್ಲಿ ಎರಡು ಬೇರೆ ಬೇರೆ ಮೊತ್ತಗಳಿರುತ್ತವೆ. ಒಂದು, ಆಕ್ಷೇಪಣೆಯಲ್ಲಿಟ್ಟ ಮೊತ್ತ. ಇದಕ್ಕೆ ದಾಖಲೆ ಅಥವಾ ವಿವರಣೆ ಒದಗಿಸಿದರೆ ಕಂಡಿಕೆ ತೀರುವಳಿಯಾಗುತ್ತದೆ. ಇನ್ನೊಂದು, ವಸೂಲಾತಿಗೆ ಸೂಚಿಸಿದ ಮೊತ್ತ. ಇದು ಹೊಣೆಗಾರರಿಂದ ಮರಳಿ ಪಡೆಯಬೇಕಾದ ಹಣ. ಇವೆರಡನ್ನೂ ಒಂದೇ ಎಂದು ತಿಳಿದು ಹೆದರುವವರು ನಮ್ಮ ಹಳ್ಳಿಗಳಲ್ಲಿ ತುಂಬ ಇದ್ದಾರೆ. ಆ ಹೆದರಿಕೆಯನ್ನು ಬಳಸಿಕೊಂಡು “ನಾನು ಸರಿಪಡಿಸಿಕೊಡುತ್ತೇನೆ” ಎಂದು ಕೈಯೊಡ್ಡುವವರೂ ಇದ್ದಾರೆ.

ಹಾಗಾದರೆ ಪರಿಶೋಧಕರು ಕೇಳುವುದಾದರೂ ಏನನ್ನು? ಯಾವ ದೇಶದ ನಿಯಮವನ್ನು ತೆಗೆದುಕೊಂಡರೂ ಪ್ರಶ್ನೆಗಳ ಸಾರ ಒಂದೇ. ಈ ಖರ್ಚು ಈ ಕೆಲಸಕ್ಕೇ ಆದದ್ದೇ? ಬೆಲೆ ನ್ಯಾಯವಾದದ್ದೇ? ಇಂಥ ಖರ್ಚಿಗೆ ನಿಯಮದಲ್ಲಿ ಅವಕಾಶವಿದೆಯೇ? ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ಜಗತ್ತಿನ ದೊಡ್ಡ ವಿದ್ಯಾಸಂಸ್ಥೆಗಳಲ್ಲಿ ಒಂದು. ಸರ್ಕಾರ ಸಂಶೋಧನೆಗೆಂದು ಕೊಟ್ಟ ಹಣದ ಮೇಲುಖರ್ಚಿನ ಬಾಬಿನಲ್ಲಿ ವಿಹಾರ ನೌಕೆಯೊಂದರ ಸವಕಳಿ ವೆಚ್ಚವೂ ಸೇರಿಕೊಂಡಿದ್ದುದು 1990ರ ಸುಮಾರಿಗೆ ಬಯಲಾಯಿತು. 1991ರಲ್ಲಿ ಅಲ್ಲಿನ ಸಂಸತ್ತಿನ ಸಮಿತಿ ಬಹಿರಂಗ ವಿಚಾರಣೆ ನಡೆಸಿತು. ಅದೇ ವರ್ಷ ವಿಶ್ವವಿದ್ಯಾಲಯದ ಅಧ್ಯಕ್ಷರು ಹುದ್ದೆ ಬಿಡುವುದಾಗಿ ಪ್ರಕಟಿಸಿದರು. 1994ರಲ್ಲಿ 12 ಲಕ್ಷ ಡಾಲರ್ ಮರಳಿಸುವ ಒಪ್ಪಂದವಾಯಿತು. ವಂಚನೆ ನಡೆಯಿತೆಂದು ಸರ್ಕಾರ ಕೊನೆಗೂ ಹೇಳಲಿಲ್ಲ. ಆದರೂ ಸಂಸ್ಥೆ ಕಳೆದುಕೊಂಡ ಹೆಸರು 12 ಲಕ್ಷ ಡಾಲರಿಗಿಂತ ದೊಡ್ಡದಾಗಿತ್ತು. ಈ ಪ್ರಸಂಗದಿಂದ ನಮಗೆ ಎರಡು ಸಂಗತಿ ತಿಳಿಯುತ್ತವೆ. ಲೆಕ್ಕ ಕೇಳಿಸಿಕೊಳ್ಳುವುದು ಬಡವರಿಗೆ ಮಾತ್ರ ಬಂದ ಕಷ್ಟವಲ್ಲ ಎಂಬುದು ಒಂದು. ಯಾವ ಖರ್ಚನ್ನು ಯಾವ ಬಾಬಿಗೆ ಹಚ್ಚುತ್ತೇವೆ ಎಂಬುದು ಗುಮಾಸ್ತರ ವಿಷಯವಷ್ಟೇ ಅಲ್ಲ, ನೀತಿಯ ವಿಷಯವೂ ಹೌದು ಎಂಬುದು ಇನ್ನೊಂದು.

ಹೊರದೇಶದ ಮಾತು ಬದಿಗಿರಲಿ, ನಮ್ಮ ಕಾಡಿನ ಹಣದ ಕಥೆ ನೋಡೋಣ. ಅಣೆಕಟ್ಟು, ಗಣಿ, ರಸ್ತೆ, ವಿದ್ಯುತ್ ಮಾರ್ಗಗಳಿಗೆ ಕಾಡು ಕಡಿದಾಗ, ಕಡಿದವರಿಂದ ಹಣ ಪಡೆದು ಬೇರೆಡೆ ಕಾಡು ಬೆಳೆಸುವ ವ್ಯವಸ್ಥೆಗೆ ಕಾಂಪಾ ನಿಧಿ ಎಂದು ಹೆಸರು. ಸಿಎಜಿಯವರ 2013ರ ವರದಿ ಇಡೀ ದೇಶದ ಈ ಲೆಕ್ಕವನ್ನು ತೆರೆದಿಟ್ಟಿತು. 2006ರಿಂದ 2012ರ ವರೆಗೆ ಸುಮಾರು 1,03,382 ಹೆಕ್ಟೇರ್ ಅರಣ್ಯೇತರ ಭೂಮಿ ಅರಣ್ಯ ಇಲಾಖೆಗಳಿಗೆ ಬರಬೇಕಿತ್ತು. ಬಂದದ್ದು 28,086 ಹೆಕ್ಟೇರ್. ಅದರಲ್ಲಿ ಗಿಡ ನೆಟ್ಟದ್ದು ಸುಮಾರು 7,281 ಹೆಕ್ಟೇರ್, ಅಂದರೆ ಬರಬೇಕಿದ್ದ ಭೂಮಿಯ ಶೇಕಡ 7 ಮಾತ್ರ. ನಿಧಿಯಲ್ಲಿ ಮಾತ್ರ ಹಣ 2005-06ರ ಸುಮಾರು 1,200 ಕೋಟಿಯಿಂದ 2011-12ರ ಹೊತ್ತಿಗೆ 23,607 ಕೋಟಿ ರೂಪಾಯಿಗೆ ಬೆಳೆದಿತ್ತು. ಕಾಡು ಬೆಳೆಯಲಿಲ್ಲ, ಖಾತೆ ಬೆಳೆಯಿತು.

ಉತ್ತರಾಖಂಡದ್ದು ಇನ್ನೂ ಹತ್ತಿರದ ನೆನಪು. ಅದೂ ನಮ್ಮಂತೆಯೇ ಬೆಟ್ಟಗಳ ನಾಡು. ಮರವನ್ನು ತಬ್ಬಿ ನಿಂತ ಚಿಪ್ಕೋ ಮಹಿಳೆಯರ ನಾಡು. 2019ರಿಂದ 2022ರ ವರೆಗಿನ ಅವಧಿಗೆ ಸಂಬಂಧಿಸಿದ ಸಿಎಜಿ ವರದಿ 2025ರ ಫೆಬ್ರುವರಿಯಲ್ಲಿ ಅಲ್ಲಿನ ವಿಧಾನಸಭೆಯ ಮುಂದೆ ಬಂದಿತು. ಕಾಡು ಬೆಳೆಸುವ ಹಣದಲ್ಲಿ 13.86 ಕೋಟಿ ರೂಪಾಯಿ ಬೇರೆ ಬಾಬುಗಳಿಗೆ ಹೋಗಿತ್ತು. ಐಫೋನು, ಲ್ಯಾಪ್‌ಟಾಪು, ಫ್ರಿಜ್ಜು, ಕೂಲರುಗಳ ಖರೀದಿ, ಕಟ್ಟಡಗಳ ನವೀಕರಣ, ನ್ಯಾಯಾಲಯದ ವೆಚ್ಚ, ಎಲ್ಲವೂ ಆ ಪಟ್ಟಿಯಲ್ಲಿದ್ದವು. ನೆಟ್ಟ ಸಸಿಗಳಲ್ಲಿ ಶೇಕಡ 60ಕ್ಕಿಂತ ಹೆಚ್ಚು ಬದುಕಬೇಕೆಂಬ ಮಾನದಂಡವಿದ್ದರೂ, ಬದುಕಿದ್ದು ಶೇಕಡ 33ರ ಆಸುಪಾಸು. ಮಾರ್ಚ್ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವೂ ಆ ರಾಜ್ಯದ ಮುಖ್ಯ ಕಾರ್ಯದರ್ಶಿಯವರಿಂದ ವಿವರಣೆ ಕೇಳಿತು. ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರು ಯಾರು ಎಂಬ ಗಾದೆಗೆ ಬೇರೆ ಉದಾಹರಣೆ ಬೇಕಿಲ್ಲ. ಆದರೆ ಒಂದು ಮಾತನ್ನು ಗಮನಿಸಬೇಕು. ಪರಿಶೋಧಕರು ಲೆಕ್ಕ ಕೇಳದೇ ಇದ್ದಿದ್ದರೆ ಇದಾವುದೂ ನಮಗೆ ತಿಳಿಯುತ್ತಿರಲಿಲ್ಲ. ಆದ್ದರಿಂದ ಪರಿಸರ ಚಳವಳಿಗೆ ಲೆಕ್ಕ ಪರಿಶೋಧಕರು ಶತ್ರುಗಳಲ್ಲ, ನಮಗೆ ಸಿಗಬಹುದಾದ ಬಲವಾದ ಸ್ನೇಹಿತರು.

ಸ್ನೇಹಿತರೆಂದ ಮಾತ್ರಕ್ಕೆ ಅವರ ಕಣ್ಣಿಗೆ ಎಲ್ಲವೂ ಕಾಣುತ್ತದೆಂದು ಹೇಳಲಾಗದು. ಈ ಲೇಖಕನ ಅನುಭವವೊಂದನ್ನು ಹೇಳುವುದಾದರೆ, ಹಲವು ವರ್ಷಗಳ ಹಿಂದೆ ಮಣ್ಣಿನ ತೇವ ಕಾಯುವ ಪ್ರಯೋಗವೊಂದರ ಲೆಕ್ಕಕ್ಕೆ ಪರಿಶೋಧನೆ ನಡೆದಿತ್ತು. ರೈತ ಮಹಿಳೆಯೊಬ್ಬರು ಹಿತ್ತಲಿನಲ್ಲಿ ಬೆಳೆಸಿದ ಸಸಿಗಳನ್ನು ಕೊಂಡದ್ದಕ್ಕೆ ರಸೀತಿ ಇರಲಿಲ್ಲ. ಹೊಲದಲ್ಲಿ ತರಬೇತಿಗೆ ಬಂದ ರೈತರ ಊಟದ ಖರ್ಚಿಗೆ ಹಾಜರಿ ಪಟ್ಟಿ ಇರಲಿಲ್ಲ. ಎರಡಕ್ಕೂ ಆಕ್ಷೇಪಣೆ ಬಂತು. ಹಣವನ್ನು ನಾನೇ ಕೈಯಿಂದ ಕಟ್ಟಿದೆ. ಅದೇ ಕಟ್ಟಡದ ಕೋಣೆಯೊಂದರಲ್ಲಿ ದುಬಾರಿ ಉಪಕರಣವೊಂದು ತಂದ ಪೆಟ್ಟಿಗೆಯನ್ನೂ ಬಿಚ್ಚದೆ ಎರಡು ವರ್ಷ ಬಿದ್ದಿತ್ತು. ಅದಕ್ಕೆ ಮೂರು ದರಪಟ್ಟಿ, ತುಲನಾ ತಖ್ತೆ, ದಾಸ್ತಾನು ನಮೂದು ಎಲ್ಲವೂ ಸರಿಯಾಗಿದ್ದವು. ಯಾರೂ ಒಂದು ಪ್ರಶ್ನೆ ಕೇಳಲಿಲ್ಲ. ಆಗ ನನಗೆ ಬಂದ ಸಿಟ್ಟು ದೊಡ್ಡದು. ಇಂದು ಯೋಚಿಸಿದಾಗ ಅರ್ಧ ತಪ್ಪು ನನ್ನದೆಂದೇ ತೋರುತ್ತದೆ. ಆ ತಾಯಿಯ ಹೆಬ್ಬೆಟ್ಟಿನ ಗುರುತು ಪಡೆದು ಒಂದು ಚೀಟಿ ಬರೆಯುವುದಕ್ಕೆ ಐದು ನಿಮಿಷವೂ ಬೇಕಿರಲಿಲ್ಲ. ಅವಸರದಲ್ಲಿ ಅದನ್ನು ಕೆಳಗಿನ ಕೆಲಸವೆಂದು ತಿಳಿದಿದ್ದೆ.

ಕಾಗದ ಸರಿಯಿದ್ದು ಕೆಲಸ ಸುಳ್ಳಾಗುವುದು ಹೇಗೆಂಬುದಕ್ಕೆ ನಮ್ಮ ಹೊಲಗಳಲ್ಲೇ ಒಂದು ಪಾಠವಿದೆ. ಮೇಲ್ಭಾಗದಲ್ಲಿ ಉದ್ದ ಅಗಲ 10 ಮೀಟರ್, ಆಳ 3 ಮೀಟರ್ ಇರುವ ಕೃಷಿಹೊಂಡವನ್ನು ಊಹಿಸಿಕೊಳ್ಳಿ. ಗೋಡೆ ನೇರವಾಗಿದ್ದರೆ ತೆಗೆದ ಮಣ್ಣು 300 ಘನ ಮೀಟರ್. ಆದರೆ ಹೊಂಡದ ಬದಿ ಕುಸಿಯದಂತೆ ಒಂದಕ್ಕೆ ಒಂದರ ಇಳಿಜಾರು ಕೊಟ್ಟರೆ ತಳದ ಅಳತೆ 4 ಮೀಟರಿಗೆ ಇಳಿಯುತ್ತದೆ; ತೆಗೆದ ಮಣ್ಣು 156 ಘನ ಮೀಟರ್ ಮಾತ್ರ. ಅಳತೆ ಪುಸ್ತಕದಲ್ಲಿ ಉದ್ದ, ಅಗಲ, ಆಳವನ್ನು ಗುಣಿಸಿ 300 ಎಂದು ಬರೆದರೆ ಗುಣಾಕಾರದಲ್ಲಿ ತಪ್ಪಿಲ್ಲ, ಆದರೆ ಹಣ ಹೆಚ್ಚುಕಡಿಮೆ ಎರಡು ಪಟ್ಟು ಹೋಗಿರುತ್ತದೆ. ಕಚೇರಿಯಲ್ಲಿ ಕುಳಿತು ಕಡತ ನೋಡುವವರಿಗೆ ಇದು ಕಾಣದು. ಹೊಂಡದ ದಂಡೆಯ ಮೇಲೆ ನಿಂತ ಎಂಟನೇ ತರಗತಿಯ ಹುಡುಗಿಗೆ, ಕೈಯಲ್ಲಿ ಒಂದು ಅಳತೆ ಪಟ್ಟಿ ಇದ್ದರೆ, ಕಾಣುತ್ತದೆ.

ಇನ್ನು ಕೆಲವು ನಷ್ಟಗಳು ಯಾವ ಲೆಕ್ಕ ಪುಸ್ತಕಕ್ಕೂ ಸಿಗುವುದಿಲ್ಲ. ಹಾವೇರಿ ಜಿಲ್ಲೆಯ ಹಿರಿಯರಿಗೆ ಕರ್ನಾಟಕ ಪಲ್ಪ್‌ವುಡ್ ಕಂಪನಿಯ ನೆನಪಿರಲೇಬೇಕು. ರಾಣೆಬೆನ್ನೂರು ತಾಲ್ಲೂಕಿನ ಕುಮಾರಪಟ್ಟಣದಲ್ಲಿರುವ ಹರಿಹರ ಪಾಲಿಫೈಬರ್ಸ್ ಕಾರ್ಖಾನೆಗೆ ನೀಲಗಿರಿ ಒದಗಿಸಲೆಂದು, ಸರ್ಕಾರ ಮತ್ತು ಆ ಕಾರ್ಖಾನೆ ಸೇರಿ 1984ರಲ್ಲಿ ಹುಟ್ಟುಹಾಕಿದ ಕಂಪನಿ ಅದು. ಸುಮಾರು 30,000 ಹೆಕ್ಟೇರ್ ಸಿ ಮತ್ತು ಡಿ ದರ್ಜೆಯ ಭೂಮಿಯನ್ನು ಅದಕ್ಕೆ ಕೊಡುವ ಯೋಜನೆ. ಸರ್ಕಾರದ ಕಡತದಲ್ಲಿ ಅದು ಪಾಳು ಭೂಮಿ. ಹಳ್ಳಿಗರ ಬದುಕಿನಲ್ಲಿ ಅದು ದನದ ಮೇವು, ಒಲೆಯ ಸೌದೆ, ನೇಗಿಲ ಕಟ್ಟಿಗೆ, ಕುರಿಗಾಹಿಯ ದಾರಿ. ಒಪ್ಪಂದಪತ್ರ ಕ್ರಮಬದ್ಧವಾಗಿತ್ತು, ಅಂದಾಜುಪಟ್ಟಿ ಕ್ರಮಬದ್ಧವಾಗಿತ್ತು. ಹುಲ್ಲು ಕಳೆದುಕೊಂಡ ಎಮ್ಮೆಯ ಹಾಲಿನ ಲೆಕ್ಕ ಮಾತ್ರ ಯಾವ ಬಾಬಿನಲ್ಲಿಯೂ ಇರಲಿಲ್ಲ. ಆ ಆಕ್ಷೇಪಣೆಯನ್ನು ಬರೆದವರು ಪರಿಶೋಧಕರಲ್ಲ, ಜನರು. 1986ರಲ್ಲಿ ಸಮಾಜ ಪರಿವರ್ತನ ಸಮುದಾಯದವರು ಶಿವರಾಮ ಕಾರಂತರನ್ನು ಮುಂದಿಟ್ಟುಕೊಂಡು ಸರ್ವೋಚ್ಚ ನ್ಯಾಯಾಲಯದ ಮೊರೆಹೋದರು. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹ ನಡೆಯಿತು. ಜನರು ನೀಲಗಿರಿ ಸಸಿಗಳನ್ನು ಕಿತ್ತು ತಮಗೆ ಬೇಕಾದ ಸಸಿಗಳನ್ನು ಹಚ್ಚಿದರು. 1991ರಲ್ಲಿ ಕಂಪನಿ ಮುಚ್ಚಿತು. ಸಾರ್ವಜನಿಕ ಆಸ್ತಿಯ ನಿಜವಾದ ಪರಿಶೋಧಕರು ಯಾರು ಎಂಬ ಪ್ರಶ್ನೆಗೆ ಆ ಗುಡ್ಡಗಳೇ ಉತ್ತರ ಕೊಟ್ಟಿವೆ.

ಜನರನ್ನು ಜೊತೆಗಿಟ್ಟುಕೊಂಡು ಲೆಕ್ಕ ನೋಡುವ ಪ್ರಯತ್ನಗಳು ಆನಂತರ ಸರ್ಕಾರದ ಒಳಗಿನಿಂದಲೂ ನಡೆದವು. ವಿಶ್ವಬ್ಯಾಂಕಿನ ನೆರವಿನ ಸುಜಲ ಜಲಾನಯನ ಯೋಜನೆ 2001ರಿಂದ 2009ರ ವರೆಗೆ ಧಾರವಾಡ, ಹಾವೇರಿ, ಚಿತ್ರದುರ್ಗ, ತುಮಕೂರು, ಕೋಲಾರ ಜಿಲ್ಲೆಗಳಲ್ಲಿ ನಡೆಯಿತು. ಊರಿನ ಗುಂಪುಗಳೇ ಕ್ರಿಯಾಯೋಜನೆ ಮಾಡಬೇಕೆಂಬುದು ಅದರ ನಿಯಮ. ಇಸ್ರೊಗೆ ಸೇರಿದ ಆಂಟ್ರಿಕ್ಸ್ ಸಂಸ್ಥೆ ಉಪಗ್ರಹ ಚಿತ್ರಗಳ ಸಹಾಯದಿಂದ ಅದರ ಮೇಲ್ವಿಚಾರಣೆ ನಡೆಸಿತು. ಬದು ಹಾಕಿದ್ದು ಹೌದೋ ಅಲ್ಲವೋ ಎಂದು ಕೇಳಿ ಸುಮ್ಮನಾಗದೆ, ಹಸಿರು ಹೆಚ್ಚಿತೇ, ಬೆಳೆ ಬದಲಾಯಿತೇ ಎಂದು ಕೇಳುವ ಕ್ರಮ ಅದು. ಎಲ್ಲೆಡೆಯೂ ಅದು ಗೆದ್ದಿತೆಂದು ನಾವು ಹೇಳುವುದಿಲ್ಲ. ಪ್ರಶ್ನೆ ಕೇಳುವ ರೀತಿ ಸರಿಯಾಗಿತ್ತು ಎಂಬುದಷ್ಟೇ ನಮ್ಮ ಮಾತು.

ಜನರೇ ಲೆಕ್ಕ ಕೇಳುವ ಪದ್ಧತಿಗೆ ದಾರಿ ತೋರಿದವರು ರಾಜಸ್ಥಾನದ ಬಡ ಕೂಲಿಕಾರರು. ಮಜ್ದೂರ್ ಕಿಸಾನ್ ಶಕ್ತಿ ಸಂಘಟನ್ 1994ರ ಡಿಸೆಂಬರ್‌ನಲ್ಲಿ ಪಾಲಿ ಜಿಲ್ಲೆಯ ಕೋಟ್ ಕಿರಾಣಾದಲ್ಲಿ ಮೊದಲ ಜನಸುನವಾಯಿ ನಡೆಸಿ, ಹಾಜರಿ ಪಟ್ಟಿಯನ್ನು ಊರವರ ಮುಂದೆ ಗಟ್ಟಿಯಾಗಿ ಓದಿತು. ಕೆಲಸಕ್ಕೆ ಬಾರದವರ ಹೆಸರು ಪಟ್ಟಿಯಲ್ಲಿದ್ದುದು ಆಗ ಎಲ್ಲರಿಗೂ ಗೊತ್ತಾಯಿತು. ಆ ಓದಿನಿಂದಲೇ ಮುಂದೆ 2005ರ ಮಾಹಿತಿ ಹಕ್ಕು ಕಾಯ್ದೆಗೂ, ಅದೇ ವರ್ಷದ ಉದ್ಯೋಗ ಖಾತರಿ ಕಾಯ್ದೆಯ 17ನೇ ಸೆಕ್ಷನ್ನಿನ ಸಾಮಾಜಿಕ ಪರಿಶೋಧನೆಗೂ ಬಲ ಬಂದಿತು. 2011ರ ನಿಯಮಗಳು ಆರು ತಿಂಗಳಿಗೊಮ್ಮೆ ಇಂಥ ಪರಿಶೋಧನೆ ನಡೆಯಬೇಕೆಂದವು. 2025ರ ಡಿಸೆಂಬರ್‌ನಲ್ಲಿ ಸಂಸತ್ತು ಉದ್ಯೋಗ ಖಾತರಿ ಕಾಯ್ದೆಯ ಸ್ಥಾನಕ್ಕೆ ಬೇರೊಂದು ಕಾಯ್ದೆಯನ್ನು ಅಂಗೀಕರಿಸಿತು. ಕಾಯ್ದೆಗಳು ಬದಲಾಗುತ್ತವೆ. ಗ್ರಾಮಸಭೆಯಲ್ಲಿ ಎದ್ದು ನಿಂತು “ಹಾಜರಿ ಪಟ್ಟಿ ಓದಿರಿ” ಎಂದು ಕೇಳುವ ರೂಢಿ ಬದಲಾಗಬಾರದು.

ನಮ್ಮ ರಾಜ್ಯದಲ್ಲಿ ಇದಕ್ಕೆ ಇನ್ನೂ ಸುಲಭವಾದ ಒಂದು ಬಾಗಿಲಿದೆ, ಅದೇ ಜಮಾಬಂದಿ. 2004ರ ನಿಯಮಗಳ ಪ್ರಕಾರ ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರ ನಡುವೆ ಗ್ರಾಮ ಪಂಚಾಯಿತಿಯ ಹಿಂದಿನ ವರ್ಷದ ಲೆಕ್ಕಪತ್ರವನ್ನು ಸಾರ್ವಜನಿಕರ ಸಮ್ಮುಖದಲ್ಲಿ ಪರಿಶೀಲಿಸಬೇಕು. ಎಷ್ಟು ಊರುಗಳಲ್ಲಿ ಜನ ಅಂದು ಹೋಗಿ ಕುಳಿತುಕೊಳ್ಳುತ್ತಾರೆ? ಹಾಜರಿ ಪುಸ್ತಕವನ್ನು ಮನೆಮನೆಗೆ ಕಳಿಸಿ ಸಹಿ ಹಾಕಿಸಿಕೊಂಡು ಜಮಾಬಂದಿ ಮುಗಿಸಿದರೆ, ಅದರಲ್ಲಿ ಪಂಚಾಯಿತಿಯದಷ್ಟೇ ತಪ್ಪು ಸಹಿ ಹಾಕಿದ ನಮ್ಮದೂ ಅಲ್ಲವೇ? ಜಮಾಬಂದಿಯಲ್ಲಿ ತೋರಿಸದ ಕಾಗದವನ್ನು 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಕೇಳಬಹುದು. ಬಡತನ ರೇಖೆಗಿಂತ ಕೆಳಗಿನವರಿಗೆ ಆ ಶುಲ್ಕವೂ ಇಲ್ಲ. 30 ದಿನಗಳಲ್ಲಿ ಉತ್ತರ ಕೊಡಬೇಕು.

ಈ ಹಿನ್ನೆಲೆಯಲ್ಲಿ ನಮ್ಮ ಗ್ರಾಮ ಸಮಿತಿಗಳಿಗೆ ಕೆಲವು ಮಾತು. ಬಿಲ್ಲು ಪುಸ್ತಕವಿಲ್ಲದ ಚಕ್ಕಡಿಯವರಿಂದ, ಸಸಿ ಮಾರುವ ತಾಯಂದಿರಿಂದ ಕೈಬರಹದ ಸ್ವೀಕೃತಿ ಪತ್ರ ಪಡೆಯಿರಿ. ಅದರಲ್ಲಿ ಹೆಸರು, ಊರು, ಕೆಲಸ, ದೂರ, ಎಷ್ಟು ಖೇಪು, ದರ, ಒಟ್ಟು ಮೊತ್ತ, ದಿನಾಂಕ ಇರಲಿ. ಸಹಿ ಅಥವಾ ಹೆಬ್ಬೆಟ್ಟು, ಜೊತೆಗೆ ಇಬ್ಬರು ಸಾಕ್ಷಿಗಳಿರಲಿ. 5,000 ರೂಪಾಯಿ ಮೀರಿದರೆ ಒಂದು ರೂಪಾಯಿಯ ರೆವಿನ್ಯೂ ಸ್ಟಾಂಪು ಮರೆಯಬೇಡಿ. ಅಂದಾಜುಪಟ್ಟಿಯಲ್ಲಿಲ್ಲದ ಖರ್ಚು ಎದುರಾದರೆ ಖರ್ಚಿಗೆ ಮೊದಲೇ ಸಭೆ ಕರೆದು ಠರಾವು ಬರೆಯಿರಿ, ಮಂಜೂರಾತಿ ಕೇಳಿರಿ. ದೊಡ್ಡ ಕೆಲಸವನ್ನು ತುಂಡು ಮಾಡಿ ಟೆಂಡರ್ ತಪ್ಪಿಸಲು ಯಾರಾದರೂ ಹೇಳಿದರೆ ಒಪ್ಪಬೇಡಿ; 1999ರ ಪಾರದರ್ಶಕತೆ ಕಾಯ್ದೆ ಬಂದದ್ದೇ ಅಂಥ ದಾರಿಗಳನ್ನು ಮುಚ್ಚಲು. ಬರಿಯ ಕಾಗದಕ್ಕೆ ಸಹಿ ಹಾಕಬೇಡಿ, ಕೇಳಿದವರು ಎಷ್ಟೇ ದೊಡ್ಡವರಾಗಿರಲಿ. ಬಂದ ಹಣ, ಆದ ಖರ್ಚು, ಉಳಿದ ಬಾಕಿ, ಈ ಮೂರನ್ನು ತಿಂಗಳಿಗೊಮ್ಮೆ ಗುಡಿಯ ಅಥವಾ ಶಾಲೆಯ ಗೋಡೆಯ ಮೇಲೆ ಬರೆಯಿರಿ. ಗೋಡೆಯ ಮೇಲಿನ ಲೆಕ್ಕವನ್ನು ಊರೇ ಕಾಯುತ್ತದೆ.

ವಿದ್ಯಾರ್ಥಿ ಮಿತ್ರರಿಗೆ ಇನ್ನೊಂದು ಕೆಲಸ. 3 ಮೀಟರ್ ಅಂತರದಲ್ಲಿ ನೆಟ್ಟರೆ ಹೆಕ್ಟೇರಿಗೆ 1,111 ಸಸಿ. ಒಂದು ಗುಂಡಿ 45 ಸೆಂಟಿಮೀಟರ್ ಉದ್ದ, ಅಗಲ, ಆಳವಿದ್ದರೆ ಹೆಕ್ಟೇರಿಗೆ ಸುಮಾರು 100 ಘನ ಮೀಟರ್ ಮಣ್ಣು ಅಗೆದಂತಾಯಿತು. ನಿಮ್ಮ ಊರ ನೆಡುತೋಪಿಗೆ ಹೋಗಿ, ಅಲ್ಲಲ್ಲಿ 20 ಮೀಟರ್ ಉದ್ದ, 20 ಮೀಟರ್ ಅಗಲದ ಚೌಕಗಳನ್ನು ಗುರುತು ಹಾಕಿರಿ. ಒಂದೊಂದು ಚೌಕದಲ್ಲಿ ಸುಮಾರು 44 ಗುಂಡಿಗಳಿರಬೇಕು. ಗುಂಡಿ ಎಷ್ಟು, ಬದುಕಿದ ಸಸಿ ಎಷ್ಟು, ಯಾವ ಜಾತಿ, ಎಷ್ಟು ಎತ್ತರ ಎಂದು ಬರೆದುಕೊಳ್ಳಿರಿ. ಒಳ್ಳೆಯದಾಗಿ ಬೆಳೆದ ಮೂಲೆಯನ್ನಷ್ಟೇ ಎಣಿಸಬೇಡಿ, ಕೆಟ್ಟು ಹೋದ ಮೂಲೆಯನ್ನಷ್ಟೇ ಎಣಿಸುವುದೂ ಬೇಡ. ಅದೇ ಚೌಕಕ್ಕೆ ಮರುವರ್ಷವೂ, ಮೂರನೆಯ ವರ್ಷವೂ ಹೋಗಿರಿ. ಅಂಥ ಪಟ್ಟಿ ಯಾವ ಓಚರಿಗೂ ಕಡಿಮೆಯಾದ ದಾಖಲೆಯಲ್ಲ.

ಸರ್ಕಾರಕ್ಕೂ ಪರಿಶೋಧಕರಿಗೂ ನಮ್ಮ ವಿನಂತಿ ಇಷ್ಟೇ. ಸಣ್ಣ ಊರಿನ ಸಣ್ಣ ಖರ್ಚಿಗೆ ಪೇಟೆಯ ಬಿಲ್ಲನ್ನೇ ಒತ್ತಾಯಿಸುವುದು ಬೇಡ. ಸಾಕ್ಷಿಯಿರುವ ಸ್ವೀಕೃತಿ ಪತ್ರದ ಒಂದು ನಮೂನೆಯನ್ನು ನೀವೇ ಕನ್ನಡದಲ್ಲಿ ಅಚ್ಚು ಹಾಕಿಸಿ ಸಮಿತಿಗಳಿಗೆ ಕೊಡಿ. ಹಣ ಕೊಡುವ ದಿನವೇ ಲೆಕ್ಕ ಬರೆಯುವ ತರಬೇತಿಯನ್ನೂ ಕೊಡಿ. ಆಕ್ಷೇಪಣೆಯ ಭಾಷೆ ಅದನ್ನು ಓದಬೇಕಾದವರಿಗೆ ತಿಳಿಯುವಂತಿರಲಿ. ಕಡತದ ಜೊತೆಗೆ ಗುಡ್ಡವನ್ನೂ ನೋಡಿ, ಮೂರನೆಯ ವರ್ಷದಲ್ಲಿ ನೋಡಿ. ರಸೀತಿಯಿಲ್ಲದೆ ಬದುಕಿರುವ ಮರಕ್ಕೂ, ರಸೀತಿಯಿದ್ದು ಹುಟ್ಟದೇ ಇರುವ ಮರಕ್ಕೂ ಒಂದೇ ತಕ್ಕಡಿ ಹಿಡಿಯುವುದು ನ್ಯಾಯವೆನಿಸದು.

ಇತರರಿಗೆ ಹೇಳುವ ಮುನ್ನ ನಮ್ಮ ಬೆನ್ನನ್ನೂ ನೋಡಿಕೊಳ್ಳಬೇಕಾಗಿದೆ. ಪರಿಸರದ ಹೆಸರಿನಲ್ಲಿ ಹಣ ಪಡೆಯುವ ಸಂಘಟನೆಗಳು ತಮ್ಮ ಲೆಕ್ಕವನ್ನು ಮುಚ್ಚಿಟ್ಟು ಇಲಾಖೆಯ ಲೆಕ್ಕ ಕೇಳುವುದು ಶೋಭೆಯಲ್ಲ. ನಮ್ಮ ಬಳಗದ ವಾರ್ಷಿಕ ಲೆಕ್ಕವನ್ನು ಮುಂದಿನ ಸಂಚಿಕೆಯಿಂದ ಇದೇ ಪತ್ರಿಕೆಯಲ್ಲಿ ಪ್ರಕಟಿಸಲು ತೀರ್ಮಾನಿಸಿದ್ದೇವೆ. ಪ್ರವಾಸದ ಬಾಬು ಹೆಚ್ಚಾಯಿತೆಂದು ಯಾರಾದರೂ ಓದುಗರು ಬರೆದರೆ ಉತ್ತರ ಕೊಡುವುದು ನಮ್ಮ ಕರ್ತವ್ಯ.

ಬ್ಯಾಡಗಿ ತಾಲ್ಲೂಕಿನ ಆ ಊರಿಗೆ ಮರಳೋಣ. ಕಾಗದ ಬಂದ ವಾರದಲ್ಲಿಯೇ ಅನುಭವಸ್ಥರೊಬ್ಬರು ಅಲ್ಲಿಗೆ ಬಂದು, ಒಂದೇ ರಾತ್ರಿಯಲ್ಲಿ ಹಳೆಯ ದಿನಾಂಕಗಳ ಹಾಜರಿ ಪುಸ್ತಕ ಬರೆದುಕೊಡುವುದಾಗಿ ಹೇಳಿದ್ದರಂತೆ. ನಮ್ಮನ್ನು ಕೇಳಿದಾಗ ಬೇಡವೆಂದೆವು. ಇಲ್ಲದ ಪುಸ್ತಕವನ್ನು ಹುಟ್ಟಿಸಿದ ಕ್ಷಣಕ್ಕೆ ನಿಜವಾದ ಕಾವಲೂ ಸುಳ್ಳಾಗುತ್ತದೆ. ಅಲ್ಲಿಯ ವರೆಗೆ ಇದ್ದದ್ದು ಮರೆವು, ಆಮೇಲೆ ಅದು ಅಪರಾಧ. ಸಭೆಯಲ್ಲಿ ಬಹಳ ಹೊತ್ತು ಚರ್ಚೆಯಾಯಿತು. ಕಡೆಗೆ ಆ ಹಿರಿಯ ತಾಯಿಯೇ ಬೇಡವೆಂದರು. ಚಕ್ಕಡಿಯವರು ಇಂದಿನ ದಿನಾಂಕ ಹಾಕಿಯೇ ಹೇಳಿಕೆ ಬರೆದುಕೊಟ್ಟರು. ಬದಲಿ ಸಸಿಗಳ ಖರ್ಚಿಗೆ ಘಟನೋತ್ತರ ಮಂಜೂರಾತಿ ಕೇಳಲಾಯಿತು. ಕಾವಲಿನ ಹಾಜರಿ ಪುಸ್ತಕ ಇಟ್ಟಿರಲಿಲ್ಲವೆಂದು, ಕಾವಲು ನಡೆದದ್ದು ನಿಜವೆಂದು, ಬಂದು ಮರಗಳನ್ನು ಎಣಿಸಬೇಕೆಂದು ಉತ್ತರದಲ್ಲಿ ಬರೆಯಲಾಯಿತು. ಶಾಲೆಯ ಮಕ್ಕಳು ಎಣಿಸಿದ ಪಟ್ಟಿಯನ್ನೂ ಜೊತೆಗಿಟ್ಟರು. ಹತ್ತು ಚೌಕಗಳಲ್ಲಿ ನೆಟ್ಟ 440 ಸಸಿಗಳ ಪೈಕಿ 317 ಬದುಕಿವೆ.

ಉತ್ತರ ಹೋಗಿದೆ; ತೀರ್ಮಾನ ಇನ್ನೂ ಬಂದಿಲ್ಲ. 9,000 ರೂಪಾಯಿ ಕಟ್ಟಬೇಕಾಗಿ ಬಂದರೂ ಬರಬಹುದು. ಬಂದರೆ ಊರೆಲ್ಲ ಸೇರಿ ಕಟ್ಟುವುದೆಂದು ಸಭೆ ಠರಾವು ಮಾಡಿದೆ. ಸಮಿತಿಯನ್ನು ಬಿಡುವ ಮಾತು ಸದ್ಯಕ್ಕೆ ನಿಂತಿದೆ. ಮುಂಗಾರಿಗೆ ಗುಡ್ಡದ ಉಳಿದ ಭಾಗದಲ್ಲಿ ಸಸಿ ನೆಡುವ ಸಿದ್ಧತೆ ನಡೆದಿದ್ದು, ಹೋದ ವಾರ ಆ ತಾಯಿ ಹಾವೇರಿಯ ಪೇಟೆಯಿಂದ ಎರಡು ಹೊಸ ನೋಟುಬುಕ್ಕುಗಳನ್ನು ಕೊಂಡು ತಂದರು. ಒಂದು ಹಾಜರಿಗೆ, ಇನ್ನೊಂದು ಜಮಾಖರ್ಚಿಗೆ. ನೋಟುಬುಕ್ಕುಗಳ ರಸೀತಿಯನ್ನು ಮೊದಲ ಪುಟಕ್ಕೇ ಅಂಟಿಸಿದ್ದಾರೆ.